ಬಸುರಿಯ ತೂಕ, ಕೂಸಿನ ತೂಕ

ನಾನು ಹುಟ್ಟಿದಾಗ ಎರಡು ಕೇಜಿ ಕೂಡ ಇರಲಿಲ್ಲವಂತೆ. ಚಳ್ಳಕೆರೆಯ ನಮ್ಮ ಬೀದಿಯ ಹಿರಿಯ ಹೆಂಗಸರು ಈಗಲೂ ನನ್ನನ್ನು ಕಂಡರೆ, "ಅಂಗೈ ಮ್ಯಾಲೆ ಇಟ್ಕಂಡು ನೀರು ಹಾಕಿದ ಕೂಸು, ನೋಡ್ರಿ ಹೆಂಗಾಗೈತೆ" ಎಂದು ನಗುತ್ತಾರೆ. ನಗುವುದರಲ್ಲಿ ತಪ್ಪೇನಿಲ್ಲ. ಮದುವೆಯ ಹೊತ್ತಿಗೆ ನಾನು ಎಪ್ಪತ್ತು ಕೇಜಿ ದಾಟಿದ್ದೆ.

ಅದಕ್ಕೆ ಕಾರಣ ಅವ್ವನ ಕೈ. ಅಪ್ಪನದು ಸಣ್ಣ ಎಣ್ಣೆ ಮಿಲ್ಲು. ಶೇಂಗಾ ಮೂಟೆ ತೂಗುವ ಯಂತ್ರ ಮಿಲ್ಲಿನ ಬಾಗಿಲಲ್ಲೇ ಇತ್ತು. ಅಮಾವಾಸ್ಯೆಯ ದಿನ ಮಿಲ್ಲಿಗೆ ರಜೆ. ಅವತ್ತು ಅವ್ವ ನನ್ನನ್ನು ಅದರ ಮೇಲೆ ನಿಲ್ಲಿಸುತ್ತಿದ್ದಳು. ಹೋದ ತಿಂಗಳಿಗಿಂತ ಮುಳ್ಳು ಒಂದಿಷ್ಟು ಮುಂದೆ ಸರಿದಿದ್ದರೆ ದಿನವಿಡೀ ಅವಳ ಮುಖದಲ್ಲಿ ಒಂದು ನೆಮ್ಮದಿ. ಹಿಂದೆ ಬಿದ್ದಿದ್ದರೆ ಮಧ್ಯಾಹ್ನದಿಂದಲೇ ನನ್ನ ಮುದ್ದೆಗೆ ತುಪ್ಪ ಹೆಚ್ಚು. ನಾನು ಒಬ್ಬಳೇ ಮಗಳು, ಅದೂ ಸಣಕಲಾಗಿ ಹುಟ್ಟಿದವಳು, ಅದಕ್ಕೇ ಇಷ್ಟು ಮುತುವರ್ಜಿ ಎಂದುಕೊಂಡೇ ಬೆಳೆದೆ.

ಮೊಳಕಾಲ್ಮೂರಿಗೆ ಮದುವೆಯಾಗಿ ಬಂದೆ. ಯಜಮಾನರಿಗೆ ಬೀಜ, ಗೊಬ್ಬರದ ಅಂಗಡಿ. ನನಗೆ ಸಿದ್ದಾಪುರದ ಶಾಲೆಯಲ್ಲಿ ಮೇಷ್ಟ್ರ ಕೆಲಸ. ನಮ್ಮ ಮನೆಯ ಎಡಕ್ಕೂ ಬಲಕ್ಕೂ ರೇಷ್ಮೆ ಸೀರೆ ನೇಯುವವರು, ಬೆಳಿಗ್ಗೆ ಮಗ್ಗದ ಸದ್ದಿಗೇ ಎಚ್ಚರ. ನಾಲ್ಕು ವರ್ಷ ಮಕ್ಕಳಾಗಲಿಲ್ಲ. ಆಮೇಲೆ ಆಯಿತು. ಸುದ್ದಿ ಕೇಳಿದ ಮರುದಿನವೇ ಅವ್ವ ಚಳ್ಳಕೆರೆಯಿಂದ ಬಸ್ಸು ಹತ್ತಿ, ಮಡಿಲಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟುಕೊಂಡು ಬಂದಳು. ಡಬ್ಬಿಯ ತುಂಬ ಶೇಂಗಾ ಉಂಡೆ.

"ಇನ್ನು ಇಬ್ಬರ ಊಟ ಉಣ್ಣಬೇಕು ನೀನು," ಎಂದಳು.

ಮೊದಲ ತಪಾಸಣೆಗೆ ಊರಿನ ಆಸ್ಪತ್ರೆಗೆ ಅವ್ವನೇ ಜೊತೆಗೆ ಬಂದಳು. ನರ್ಸಮ್ಮ ತೂಕ ನೋಡಿದರು. ಎಂಬತ್ತೊಂದು. ತಾಯಿ ಕಾರ್ಡಿನಲ್ಲಿ ಬರೆದುಕೊಂಡು, ತಲೆ ಎತ್ತದೆ ಕೇಳುತ್ತಾ ಹೋದರು.

"ನಿಮ್ಮ ತವರಲ್ಲಿ ಯಾರಿಗಾದ್ರೂ ಶುಗರ್ ಐತಾ?"

ನಾನು ಅವ್ವನ ಕಡೆ ನೋಡಿದೆ. "ಇಲ್ರೀ," ಎಂದಳು ಅವ್ವ.

"ಅಮ್ಮ, ನಿಮಗೆ ಮಕ್ಕಳೆಷ್ಟು? ಯಾವ್ದಾದ್ರೂ ಹೋಗಿತ್ತಾ, ಕಷ್ಟದ ಹೆರಿಗೆ ಏನಾದ್ರೂ?"

"ಇವಳೊಬ್ಬಳೇ ರೀ."

ನರ್ಸಮ್ಮ ಮುಂದಿನ ಹೆಸರು ಕೂಗಿದರು. ನಾವು ಎದ್ದೆವು. ಅವತ್ತಿನ ಸಕ್ಕರೆ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಆರನೇ ತಿಂಗಳಲ್ಲಿ ಇನ್ನೊಂದು ಸಲ ನೋಡೋಣ ಎಂದು ಹೇಳಿ ಕಳಿಸಿದರು.

ಆರನೇ ತಿಂಗಳಲ್ಲಿ ಒಬ್ಬಳೇ ಹೋದೆ. ಗ್ಲೂಕೋಸ್ ಪುಡಿ ಕಲಸಿದ ನೀರು ಒಂದು ದೊಡ್ಡ ಲೋಟ. ಕುಡಿದ ಮೇಲೆ ಎರಡು ತಾಸು ಕಾಯಬೇಕು. ಗಂಟಲೆಲ್ಲ ಅಂಟಂಟು. ಎರಡು ತಾಸಾದ ಮೇಲೆ ರಕ್ತ ತೆಗೆದರು. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಒಳಗೆ ಕರೆದರು. ನನಗಿಂತ ಚಿಕ್ಕವರು, ಮಾತು ಮಾತ್ರ ನಿಧಾನ.

"ಶುಗರ್ ಜಾಸ್ತಿ ಬಂದಿದೆ ಮೇಡಂ. ಬಸುರಲ್ಲಿ ಬರೋ ಶುಗರ್ ಇದು. ಹೆದರಬೇಡಿ, ಆದರೆ ಹಗುರವಾಗಿ ತಗೋಬೇಡಿ."

ನಾನು ಮೊದಲು ಕೇಳಿದ್ದು ಕೂಸಿನ ವಿಷಯ. ಅವರು ಕಾಗದದ ಮೇಲೆ ಒಂದು ಸೊನ್ನೆ, ಅದರೊಳಗೆ ಇನ್ನೊಂದು ಸೊನ್ನೆ ಬರೆದು, ಎರಡರ ನಡುವೆ ಒಂದು ಗೆರೆ ಎಳೆದರು. "ನಿಮ್ಮ ರಕ್ತದಲ್ಲಿರೋ ಸಕ್ಕರೆ ಇದರಲ್ಲೇ ಹಾದು ಮಗುಗೆ ಹೋಗುತ್ತೆ. ಬೇಡ ಅನ್ನೋಕೆ ಮಗುಗೆ ಬರಲ್ಲ. ಬಂದಿದ್ದನ್ನೆಲ್ಲ ಕೊಬ್ಬು ಮಾಡಿ ಕೂಡಿಡುತ್ತೆ. ಹೊಟ್ಟೆ, ಭುಜ ದಪ್ಪ ಆಗ್ತವೆ. ಹೆರಿಗೇಲಿ ತಲೆ ಬಂದು ಭುಜ ಸಿಕ್ಕಿಕೊಳ್ಳಬಹುದು. ಹುಟ್ಟಿದ ಕೂಡಲೇ ಮಗುವಿನ ಸಕ್ಕರೆ ಇಳಿದುಬಿಡಬಹುದು. ಕೆಲವು ಸಲ ಒಳಗೇ..." ಅಷ್ಟಕ್ಕೆ ನಿಲ್ಲಿಸಿದರು. "ಈಗ ಗೊತ್ತಾಗಿದೆಯಲ್ಲ, ನೋಡ್ಕೊಳ್ಳೋಣ."

ನಾನು ಮೊದಲೇ ತೂಕದವಳಾದ್ದರಿಂದ ಒಂಬತ್ತು ತಿಂಗಳಿಗೆ ಒಟ್ಟು ಹೆಚ್ಚಾಗಬೇಕಾದ ತೂಕ ಕಡಿಮೆ. ಅದರಲ್ಲಿ ಬಹುಪಾಲು ಆಗಲೇ ಮುಗಿದಿತ್ತು. ಸಿಹಿ ಬಿಡಬೇಕು. ಅನ್ನ, ಮುದ್ದೆ ಎರಡೂ ಸಣ್ಣವಾಗಬೇಕು. ಕಾಳು, ಸೊಪ್ಪು, ಮೊಸರು ಹೆಚ್ಚಬೇಕು. ಒಂದೇ ಸಲ ಹೊಟ್ಟೆತುಂಬ ಉಣ್ಣದೆ ಹಂಚಿಕೊಂಡು ಉಣ್ಣಬೇಕು. ಉಂಡ ಮೇಲೆ ನಡೆಯಬೇಕು. ಬೆರಳು ಚುಚ್ಚಿ ಸಕ್ಕರೆ ನೋಡಿ ಬರೆದಿಡಬೇಕು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಕೈಚೀಲದಲ್ಲಿ ಅವ್ವನ ಡಬ್ಬಿ ಇತ್ತು, ಶಾಲೆಗೂ ಅದನ್ನೇ ಒಯ್ಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗಿ. ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು, ದೇವಸಮುದ್ರದ ಕಡೆಯವಳು. ಅವಳ ಮನೆಯವರದು ಕುರಿ. ಗಂಡ ಮಂದೆ ಹೊಡೆದುಕೊಂಡು ಆಂಧ್ರದ ಕಡೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಅವಳಿಗೂ ನನ್ನಷ್ಟೇ ತಿಂಗಳು, ಸೀರೆಯ ಸೆರಗು ಸರಿದರಷ್ಟೇ ಹೊಟ್ಟೆ ಕಾಣುತ್ತಿತ್ತು.

"ನಿಮಗೇನಂದ್ರು ಟೀಚರಮ್ಮ?" ಎಂದಳು. ನಾನು ಟೀಚರೆಂದು ಹೇಗೋ ಗೊತ್ತಾಗಿತ್ತು.

"ಕಮ್ಮಿ ತಿನ್ನು ಅಂದ್ರು."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ನನಗೆ ಬೈದ್ರು. ನಲವತ್ತೆರಡೇ ಕೇಜಿ ಇದೀಯ, ಕೂಸು ಬೆಳೆದಿಲ್ಲ, ಉಣ್ಣು ಅಂತ. ನಮ್ಮತ್ತೆ ನೋಡಿದ್ರೆ ಜಾಸ್ತಿ ಉಂಡ್ರೆ ಕೂಸು ದಪ್ಪಾಗತೈತೆ, ಹೆರೋದು ಕಷ್ಟ ಅಂತಾಳೆ. ಯಾರ ಮಾತು ಕೇಳನ?"

"ಡಾಕ್ಟರಮ್ಮನ ಮಾತು ಕೇಳು," ಎಂದೆ. ಎಂದವಳೇ ಡಬ್ಬಿ ತೆಗೆದು ಅವಳ ಮುಂದೆ ಹಿಡಿದೆ. ಅವಳು ಒಂದು ಉಂಡೆ ತೆಗೆದುಕೊಂಡು ಮೂಸಿ ನೋಡಿ, ನಿಧಾನಕ್ಕೆ ತಿಂದಳು. ಬಸ್ಸಿನ ಹೊತ್ತಾಗುವವರೆಗೆ ನಾಲ್ಕು ತಿಂದಳು. ಉಳಿದದ್ದನ್ನು ಅವಳ ಸೆರಗಿಗೆ ಸುರಿದೆ.

ಅವ್ವನಿಗೆ ಫೋನಿನಲ್ಲಿ ಹೇಳಿದೆ, ಶುಗರ್ ಬಂದಿದೆ ಎಂದು.  "ಆಸ್ಪತ್ರೆಯವರು ಏನಾದ್ರೂ ಒಂದು ಹೇಳ್ತಾರೆ. ಬೆಲ್ಲ ಒಳ್ಳೇದು, ಸಕ್ಕರೆ ಅಲ್ಲ ಅದು," ಎಂದಳು. ಉಂಡೆ ಕಳಿಸುವುದನ್ನು ನಿಲ್ಲಿಸಲಿಲ್ಲ. ವಾರಕ್ಕೊಂದು ಡಬ್ಬಿ, ಮಿಲ್ಲಿನಿಂದ ಬರುವವರ ಕೈಯಲ್ಲಿ. ಬೇಡ ಎಂದರೆ ಅವಳ ಮನಸ್ಸು ನೋಯುತ್ತದೆಂದು ನಾನೂ ಸುಮ್ಮನಿದ್ದೆ. ಡಬ್ಬಿಗಳನ್ನು ಹಾಗೇ ಇಟ್ಟುಕೊಂಡು, ತಪಾಸಣೆಯ ದಿನ ಆ ಹುಡುಗಿಗೆ ಕೊಡುತ್ತಿದ್ದೆ. ಮನೆಯಲ್ಲಿ ನಮ್ಮತ್ತೆಯವರೇ ನನ್ನ ತಟ್ಟೆ ನೋಡಿಕೊಂಡರು. ಅವರು ಹೆಚ್ಚು ಮಾತಿನವರಲ್ಲ. ಮುದ್ದೆಯನ್ನು ನಿಂಬೆಹಣ್ಣಿಗಿಂತ ತುಸು ದೊಡ್ಡದಾಗಿ ಕಟ್ಟಿ, ಪಕ್ಕಕ್ಕೆ ಒಂದು ಬಟ್ಟಲು ಹುರುಳಿ ಸಾರು ಇಟ್ಟು, "ಹಸಿವಾದ್ರೆ ಕಾಳು ಹಾಕಿಸ್ಕೋ" ಎಂದಷ್ಟೇ ಹೇಳುತ್ತಿದ್ದರು.

ಹಸಿವು ನಿಜಕ್ಕೂ ಆಗುತ್ತಿತ್ತು. ಶಾಲೆಯಲ್ಲಿ ಬಿಸಿಯೂಟದ ಅನ್ನದ ವಾಸನೆ ಬಂದಾಗ ಕಣ್ಣಲ್ಲಿ ನೀರು ತುಂಬಿಕೊಂಡದ್ದೂ ಉಂಟು. ಊಟದ ಬಿಡುವಿನಲ್ಲಿ ಶಾಲೆಯ ಹಿಂದಿನ ಗುಡ್ಡದ ಬುಡದಲ್ಲಿ, ಬಂಡೆಗಳ ನೆರಳು ಹಿಡಿದು ನಡೆಯುತ್ತಿದ್ದೆ. ಆಡು ಕಾಯುವವರು ಎರಡು ದಿನ ನೋಡಿ, ಮೂರನೇ ದಿನ, "ಏನಾದ್ರೂ ಕಳ್ಕಂಡೀರೇನ್ರಿ?" ಎಂದು ಕೇಳಿದರು.

ಏಳನೇ ತಿಂಗಳ ತಪಾಸಣೆಗೆ ಅವ್ವ ಹೇಳದೆ ಬಂದುಬಿಟ್ಟಳು. ನಾವಿಬ್ಬರೂ ಆಸ್ಪತ್ರೆಯ ಬಾಗಿಲು ದಾಟುವಾಗಲೇ ಆ ಹುಡುಗಿ ಬೆಂಚಿನಿಂದ ಎದ್ದು ಬಂದಳು. ಮುಖ ತುಂಬಿಕೊಂಡಿತ್ತು. "ನಲವತ್ತಾರಾದೆ ಟೀಚರಮ್ಮ," ಎಂದವಳು ಅವ್ವನನ್ನು ನೋಡಿ, "ಇವರೇನಾ ಅಮ್ಮ? ನಿಮ್ಮ ಉಂಡೆ ತಿಂದೇ ನನ್ನ ಕೂಸಿಗೆ ಮೈ ಬಂತು ನೋಡ್ರಿ," ಎಂದು ಅವ್ವನ ಕಾಲು ಮುಟ್ಟಿದಳು.

ಅವ್ವ ಅವಳ ತಲೆ ಸವರಿದಳು. ನನ್ನ ಕಡೆ ನೋಡಲಿಲ್ಲ. ತಪಾಸಣೆ ಮುಗಿದು ಮನೆಗೆ ನನಗಿಂತ ಮುಂದೆ ಮುಂದೆ ನಡೆದಳು.

ಮನೆಯಲ್ಲಿ ಅತ್ತೆಯವರು ಇರಲಿಲ್ಲ. ಮಧ್ಯಾಹ್ನದ ಬಿಸಿಲು. ಪಕ್ಕದ ಮನೆಯ ಮಗ್ಗ ಊಟದ ಹೊತ್ತಿಗೆ ನಿಂತಿತ್ತು. ಅವ್ವ ಹಿತ್ತಲ ಕಟ್ಟೆಯ ಮೇಲೆ ಕೂತು, "ಎಷ್ಟು ದಿನದಿಂದ ಹಂಚ್ತಾ ಇದೀಯ?" ಎಂದಳು.

"ಶುಗರ್ ಬಂದಾಗಿಂದ."

"ನಾನು ಇಲ್ಲಿಗೆ ಕಳಿಸಿದ್ದು ನಿನ್ನ ಹೊಟ್ಟೆಗೆ. ಊರವರ ಹೊಟ್ಟೆಗಲ್ಲ."

"ಅವ್ವ, ಅದು ತಿಂದ್ರೆ ನನ್ನ ಕೂಸಿಗೆ ಕೆಡುಕು. ಎಷ್ಟು ಸಲ ಹೇಳಲಿ? ಕೂಸು ಒಳಗೇ ಮಿತಿಮೀರಿ ಬೆಳೀತೈತೆ. ಹೆರಿಗೇಲಿ ಭುಜ ಸಿಕ್ಕೊಳ್ತೈತೆ. ಸತ್ತೇ ಹುಟ್ಟಬಹುದು."

ಸಿಟ್ಟಿನಲ್ಲಿ ಆಡಿದ ಮಾತು. ಬಸುರಿಯ ಬಾಯಲ್ಲಿ ಅಂಥ ಮಾತು ಬಂದರೆ ಯಾವ ತಾಯಿಯಾದರೂ ಬಿಡ್ತು ಅನ್ನು ಎನ್ನುತ್ತಾಳೆ. ಅವ್ವ ಎನ್ನಲಿಲ್ಲ. ಕಟ್ಟೆಯ ಕಲ್ಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಭುಜ ಸಿಕ್ಕೊಳ್ತೈತೆ ಅಂತ ಅವರು ಹೇಳಿದ್ರಾ?" ಎಂದಳು. ದನಿ ಬೇರೆಯೇ ಆಗಿತ್ತು.

"ಹೂಂ."

"ಹಂಗೇ ಆಗಿತ್ತು," ಎಂದಳು ಅವ್ವ.

ನನಗೆ ಅರ್ಥವಾಗಲಿಲ್ಲ. ಅವಳ ಪಕ್ಕ ಕೂತೆ. ಅವಳು ಹಿತ್ತಲಿನ ಕರಿಬೇವಿನ ಗಿಡ ನೋಡುತ್ತಾ, ಒಂದೊಂದೇ ಮಾತು ಹೇಳಿದಳು.

ನನಗಿಂತ ಎರಡು ವರ್ಷ ಮೊದಲು ಅವಳಿಗೆ ಒಂದು ಗಂಡು ಕೂಸು ಹುಟ್ಟಿತ್ತು. ತುಂಬಿದ ಮನೆ, ಚೊಚ್ಚಲ ಬಸುರಿ, ಎಲ್ಲರೂ ಕೈಯಾರೆ ಉಣಿಸಿದವರೇ. ಹೊಟ್ಟೆ ದೊಡ್ಡದಾದಷ್ಟೂ ಮನೆಯವರಿಗೆ ಹಿಗ್ಗು. ಹೆರಿಗೆ ಮನೆಯಲ್ಲೇ. ಬೆಳಿಗ್ಗೆ ಶುರುವಾದ ನೋವು ಸಂಜೆಯಾದರೂ ಮುಗಿಯಲಿಲ್ಲ. ತಲೆ ಬಂತು, ಭುಜ ಬರಲಿಲ್ಲ. ಎಳೆದು ತೆಗೆಯುವ ಹೊತ್ತಿಗೆ ಕೂಸಿನಲ್ಲಿ ಉಸಿರಿರಲಿಲ್ಲ.

"ಯಾರೂ ತೂಗಲಿಲ್ಲ," ಎಂದಳು ಅವ್ವ. "ಹೋದ ಕೂಸನ್ನ ಯಾರು ತೂಗ್ತಾರೆ. ಸೂಲಗಿತ್ತಿ ಎತ್ತಿ ಹಿಡಿದು, ಮೂರು ತಿಂಗಳ ಕೂಸಿನಂಗೈತಲ್ಲೇ ಅಂದ್ಲು. ಅಷ್ಟು ಕೇಳಿಸ್ತು ನನಗೆ. ಆಮೇಲೆ ಹಿರೇರೆಲ್ಲ ಅಂದ್ರು, ತಿಂದೂ ತಿಂದೂ ಕೂಸನ್ನ ಸಿಕ್ಕಿಸ್ಕೊಂಡ್ಲು ಅಂತ. ನನ್ನ ಮುಖಕ್ಕೇ ಅಂದ್ರು."

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ.

"ನೀನು ಹೊಟ್ಟೇಲಿ ಇದ್ದಾಗ ನಾನು ಉಣ್ಣಲೇ ಇಲ್ಲ ಮಗಳೇ. ಹೊತ್ತಿಗೆ ಅರ್ಧ ಮುದ್ದೆ, ಮಜ್ಜಿಗೆ. ತಟ್ಟೆ ಮುಂದಿಟ್ರೆ ಅವನ ತಲೆ ಕಾಣೋದು. ಉಣ್ಣು ಅಂದವರಿಗೆ ಉಂಡಾಯ್ತು ಅನ್ನೋದು. ಆಸ್ಪತ್ರೇಲಿ ನೀನು ಹುಟ್ಟಿದೆ. ಪಕ್ಕೆಲುಬು ಎಣಿಸಬಹುದಿತ್ತು. ನಿನ್ನ ನೋಡಿದ ಮೇಲೆ ಅಂದ್ಕೊಂಡೆ, ಒಂದನ್ನ ಉಣಿಸಿ ಕೊಂದೆ, ಇದನ್ನ ಉಪವಾಸ ಹಾಕಿ ಕೊಲ್ತಿದ್ದೆ, ಇನ್ನು ಮೇಲೆ ಇದು ಹಸಿದುಕೊಂಡು ಇರಬಾರದು ಅಂತ."

 ಅವಳ ಜೊತೆ ಒಂದೇ ತಟ್ಟೆಯಲ್ಲಿ ಎನ್ನುವಂತೆ ಉಂಡು ಬೆಳೆದರೂ, ನನಗೆ ಒಬ್ಬ ಅಣ್ಣ ಇದ್ದ ಎಂಬುದು ಮೂವತ್ತೊಂದು ವರ್ಷ ಗೊತ್ತಿರಲಿಲ್ಲ. ಅವ್ವ ಅವತ್ತು ಅಳಲಿಲ್ಲ, ಅತ್ತದ್ದು ನಾನು. ಅವಳು ನನ್ನ ಬೆನ್ನು ಸವರುತ್ತಾ, "ಬಸುರಿ ಅಳಬಾರದು, ಸುಮ್ನಿರು" ಎನ್ನುತ್ತಿದ್ದಳು.

ಮರುದಿನ ಅವಳನ್ನು ಕರೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋದೆ. ಬರುವುದಿಲ್ಲ ಎಂದಳು, ಆಮೇಲೆ ತಾನೇ ಚಪ್ಪಲಿ ಮೆಟ್ಟಿದಳು. ಡಾಕ್ಟರಮ್ಮ ಕೂರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಅಂದಳು, "ಅವತ್ತು ನರ್ಸಮ್ಮಗೆ ನಾನು ಸುಳ್ಳು ಹೇಳಿದ್ದೆ ರೀ. ನನಗೆ ಎರಡು ಹೆರಿಗೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಹೊರಗೆ ಸಾಲು ಬೆಳೆಯುತ್ತಿತ್ತು, ಆದರೂ ಕೇಳಿದರು.

"ನೀವು ತಿಂದಿದ್ದಕ್ಕೆ ಅವನು ಹೋಗಲಿಲ್ಲ ಅಮ್ಮ," ಎಂದರು. "ನಿಮಗೂ ಆಗ ಬಸುರಿನ ಶುಗರ್ ಇದ್ದಿರಬೇಕು. ಪರೀಕ್ಷೆ ಮಾಡದೆ ನಾನು ಖಂಡಿತ ಹೇಳೋಕಾಗಲ್ಲ, ಆದರೆ ನೀವು ಹೇಳಿದ್ದೆಲ್ಲ ಅದಕ್ಕೇ ಹೊಂದುತ್ತೆ. ಆಗ ಯಾರೂ ನಿಮ್ಮ ರಕ್ತ ನೋಡಲಿಲ್ಲ. ನೋಡಿದ್ರೆ ಗೊತ್ತಾಗ್ತಿತ್ತು."

ಅವ್ವ ಕೇಳಿದಳು, "ಇವಳಿಗೆ ಯಾಕೆ ಬಂತು?"

ಡಾಕ್ಟರಮ್ಮ ನನ್ನ ಕಡೆ ನೋಡಿದರು. ಹೇಳಿ ಎಂದೆ. "ತಾಯಿಗೆ ಇದ್ರೆ ಮಗಳಿಗೆ ಬರಬಹುದು. ಮೈ ತೂಕ ಒಂದು ಕಾರಣ. ತೀರಾ ಸಣ್ಣದಾಗಿ ಹುಟ್ಟಿ ಆಮೇಲೆ ದಪ್ಪ ಆದವರಿಗೂ ಶುಗರ್ ಬೇಗ ಬರುತ್ತೆ ಅಂತಾರೆ."

"ಅಂದ್ರೆ ಇದಕ್ಕೂ ನಾನೇ," ಎಂದಳು ಅವ್ವ.

"ಕೂಸನ್ನ ಉಳಿಸ್ಕೊಳ್ಳೋಕೆ ನಿಮಗೆ ಗೊತ್ತಿದ್ದದ್ದು ಅದೊಂದೇ ದಾರಿ. ಅದನ್ನೇ ಮಾಡಿದ್ರಿ. ಉಳಿಸಿಕೊಂಡ್ರಿ, ಇಲ್ಲೇ ಕೂತಿದಾಳಲ್ಲ," ಎಂದರು ಅವರು. ಆಮೇಲೆ, "ಇವತ್ತು ನಿಮ್ಮ ರಕ್ತವನ್ನೂ ನೋಡ್ತೀನಿ, ಕೈ ಕೊಡಿ," ಎಂದರು.

ಅವ್ವನ ಸಕ್ಕರೆ ನನ್ನದಕ್ಕಿಂತ ಎಷ್ಟೋ ಹೆಚ್ಚಿತ್ತು. ವರ್ಷಗಳಿಂದ ಅಂಗಾಲು ಉರಿ ಎನ್ನುತ್ತಿದ್ದಳು, ನಾವು ಹರಳೆಣ್ಣೆ ತಿಕ್ಕುತ್ತಿದ್ದೆವು. ಅವತ್ತಿನಿಂದ ಮಾತ್ರೆ ಶುರುವಾಯಿತು. ನಮ್ಮಿಬ್ಬರಿಗೂ ಒಂದೇ ಪಥ್ಯದ ಚೀಟಿ.

ಅವ್ವ ಊರಿಗೆ ಹೋಗಲಿಲ್ಲ, ಒಂದು ತಿಂಗಳು ನಮ್ಮಲ್ಲೇ ಉಳಿದಳು. ಇಷ್ಟು ದಿನ ಉಣಿಸುವುದಕ್ಕೆ ಹಟ ಹಿಡಿದವಳು ಈಗ ಪಥ್ಯಕ್ಕೂ ಅಷ್ಟೇ ಹಟ ಹಿಡಿದಳು. ನವಣೆ ಅನ್ನವನ್ನು ಲೋಟದಲ್ಲಿ ಅಳೆದು ಹಾಕುವಳು. ನಾನು ಇನ್ನೊಂದು ಚೂರು ಕೇಳಿದರೆ, "ಮೊದಲು ಮಜ್ಜಿಗೆ ಕುಡಿ, ಆಮೇಲೆ ನೋಡನ," ಎನ್ನುವಳು. ಉಂಡ ಮೇಲೆ ಇಬ್ಬರೂ ಬೀದಿಯ ತುದಿಯವರೆಗೆ ನಡೆಯುತ್ತಿದ್ದೆವು. ಮಗ್ಗದ ಮನೆಗಳ ಜಗಲಿಯಲ್ಲಿ ಕೂತವರು, "ತಾಯಿ ಮಗಳು ಎತ್ತ ಹೊರಟ್ರಿ?" ಎಂದರೆ, "ಸಕ್ಕರೆ ಕರಗಿಸಕ್ಕೆ," ಎನ್ನುವಳು. ನಡೆಯುತ್ತಾ ನಡೆಯುತ್ತಾ ಅಣ್ಣನ ವಿಷಯ ಒಂದೊಂದು ಹೇಳುತ್ತಿದ್ದಳು. ತಲೆತುಂಬ ಕೂದಲಿತ್ತಂತೆ. ಬೆರಳು ಅಪ್ಪನ ಬೆರಳಿನಂತೆ ಉದ್ದ ಇದ್ದವಂತೆ.

ನನ್ನ ಬೆಳಗಿನ ಸಕ್ಕರೆ ಮಾತ್ರ ಊಟದಿಂದ ಪೂರ್ತಿ ಇಳಿಯಲಿಲ್ಲ. ಎಂಟನೇ ತಿಂಗಳಿಗೆ ಸಣ್ಣ ಪ್ರಮಾಣದಲ್ಲಿ ಇನ್ಸುಲಿನ್ ಶುರು ಮಾಡಿದರು. ಸೂಜಿ ಎಂದರೆ ಮುಖ ತಿರುಗಿಸುತ್ತಿದ್ದ ಯಜಮಾನರು ಅದನ್ನು ಕೊಡುವುದು ಕಲಿತರು. ಮೊದಲ ಸಲ ನನಗಿಂತ ಅವರೇ ಬೆವರಿದ್ದರು.

ಕುಬುಸದ ಕಾರ್ಯ ಚಳ್ಳಕೆರೆಯಲ್ಲಿ. ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಕೂರಿಸಿದರು. ಬಂದ ಹೆಂಗಸರೆಲ್ಲ ತಟ್ಟೆ ತುಂಬ ಹೋಳಿಗೆ, ಕರ್ಜಿಕಾಯಿ, ಲಾಡು ತಂದಿದ್ದರು. ಬಸುರಿಯ ಬಾಯಿಗೆ ಒಬ್ಬೊಬ್ಬರೂ ಒಂದೊಂದು ತುತ್ತು ಇಡುವುದು ಪದ್ಧತಿ. ಅವ್ವ ಮೊದಲು ಬಂದು ಕೂತು, ಹೆಸರುಕಾಳಿನ ಕೋಸಂಬರಿ ಒಂದು ಚಮಚ ನನ್ನ ಬಾಯಿಗಿಟ್ಟು, "ಎಲ್ಲರೂ ಇದನ್ನೇ ಇಡ್ರಿ. ಸಿಹಿ ನೀವು ತಿನ್ರಿ," ಎಂದಳು.

ಅಪ್ಪನ ಕಡೆಯ ಒಬ್ಬ ಹಿರಿಯಮ್ಮ, ನನಗೆ ಅಜ್ಜಿಯಾಗಬೇಕು, ಹೋಳಿಗೆ ಕೈಯಲ್ಲಿ ಹಿಡಿದೇ ಅಂದರು, "ಕಾಳು ತಿಂದು ಕುಬುಸ ಮಾಡಿಸ್ಕೊಂಡೋರನ್ನ ನಾನು ನೋಡಿಲ್ಲಮ್ಮ. ಒಂದು ಚೂರಿಗೆ ಏನಾಗತೈತೆ?"

"ಒಬ್ಬೊಬ್ಬರದು ಒಂದೊಂದು ಚೂರು ಅಂದ್ರೆ ಇಲ್ಲಿ ನಲವತ್ತು ಜನ ಅದೀರಿ," ಎಂದಳು ಅವ್ವ. ಆಮೇಲೆ ಸ್ವಲ್ಪ ತಡೆದು, ದನಿ ಎತ್ತದೆ, "ನನ್ನ ಮೊದಲ ಮಗ ಹೋಗಿದ್ದು ನಾನು ತಿಂದಿದ್ದಕ್ಕಲ್ಲ ಅತ್ತೆ. ನನಗೆ ಈ ಶುಗರ್ ಇತ್ತು. ಯಾರಿಗೂ ಗೊತ್ತಿರಲಿಲ್ಲ. ಇವಳದು ಗೊತ್ತಾಗೈತೆ," ಎಂದಳು.

 ಬಾಗಿಲ ಹತ್ತಿರ ಅಪ್ಪ ನೀರಿನ ಕೊಡ ಇಳಿಸುತ್ತಿದ್ದವರು ಹಾಗೇ ನಿಂತರು. ಹಿರಿಯಮ್ಮ ಹೋಳಿಗೆಯನ್ನು ತಟ್ಟೆಗೆ ಹಾಕಿ, ಕೈ ಒರೆಸಿಕೊಂಡು, ಕೋಸಂಬರಿಯ ಚಮಚ ಎತ್ತಿಕೊಂಡರು. ನನ್ನ ಬಾಯಿಗಿಟ್ಟು, ಹೋಗುವಾಗ ಅವ್ವನ ಹೆಗಲ ಮೇಲೆ ಕೈ ಇಟ್ಟರು. ಅವತ್ತು ಮುಖಕ್ಕೇ ಅಂದವರಲ್ಲಿ ಅವರೂ ಒಬ್ಬರು ಎಂದು ಅವ್ವ ಆಮೇಲೆ ಹೇಳಿದಳು.

ದಿನ ತುಂಬುವುದಕ್ಕೆ ಎರಡು ವಾರ ಇದ್ದಂತೆ ಚಳ್ಳಕೆರೆಯ ಆಸ್ಪತ್ರೆಯಲ್ಲಿ ನೋವು ಬರಿಸಿದರು. ಬೆಳಿಗ್ಗೆ ಸೇರಿಸಿದ್ದು, ಇಳಿಹೊತ್ತಿಗೆ ಹೆಣ್ಣು ಕೂಸು. ತಲೆ ಬಂದಾಗ ನಾನು ಉಸಿರು ಹಿಡಿದುಕೊಂಡಿದ್ದೆ. "ಭುಜ ಬಂತಾ?" ಎಂದು ಕೇಳಿದೆ. "ಭುಜಾನೂ ಬಂತು, ಕಾಲೂ ಬಂತು, ಉಸಿರು ಬಿಡಿ," ಎಂದರು ನರ್ಸು. ಕೂಸು ಅತ್ತಿತು.

ಮೂರು ಕೇಜಿ ನೂರು ಗ್ರಾಂ. ಹೊರಗೆ ಅವ್ವನಿಗೆ ಹೇಳಿದರೆ ನಂಬಲಿಲ್ಲವಂತೆ, ಮೂರು ಸಲ ಕೇಳಿದಳಂತೆ. "ಜಾಸ್ತಿನಾ, ಕಮ್ಮಿನಾ?" ಎಂದಳಂತೆ. "ಸರಿಯಾಗೈತೆ ಅಜ್ಜಿ," ಎಂದರಂತೆ. ಕೂಸಿನ ಹಿಮ್ಮಡಿ ಚುಚ್ಚಿ ಸಕ್ಕರೆ ನೋಡಿದರು. ಮೊದಲ ಸಲ ತುಸು ಕಡಿಮೆ ಬಂತು. ಕೂಡಲೇ ಎದೆಗೆ ಹಾಕಿಸಿದರು. ಕೂಸಿಗೆ ಚೀಪಲು ಬರದೆ ನಾನೂ ಅದೂ ಒದ್ದಾಡಿದೆವು. ಅವ್ವ ಒಳಗೆ ಬಂದು, ಒಂದು ಬೆರಳಿನಿಂದ ಅದರ ಗಲ್ಲ ಸವರಿ ಬಾಯಿ ತೆರೆಸಿದಳು. ಎರಡನೇ ಸಲ ನೋಡಿದಾಗ ಸರಿಯಿತ್ತು. ಆಗ ಅವ್ವ ಗೋಡೆಗೆ ಒರಗಿ ಕೂತು ಅತ್ತಳು. ನಾನು ತಡೆಯಲಿಲ್ಲ.

ಕುರಿಯವರ ಹುಡುಗಿಗೆ ನನಗಿಂತ ಹತ್ತು ದಿನ ಮೊದಲೇ ಗಂಡು ಕೂಸಾಗಿತ್ತು. ಎರಡು ಕೇಜಿ ಏಳುನೂರು ಎಂದು ಆಶಾ ಕಾರ್ಯಕರ್ತೆಯ ಫೋನಿನಿಂದ ಹೇಳಿದಳು. "ನಮ್ಮತ್ತೆ ಈಗ ಹೇಳ್ತಾಳೆ ಟೀಚರಮ್ಮ, ಇನ್ನೊಂದು ಸ್ವಲ್ಪ ಉಣ್ಣಬೇಕಿತ್ತು ಅಂತ," ಎಂದು ನಕ್ಕಳು.

ಬಾಣಂತನ ಚಳ್ಳಕೆರೆಯಲ್ಲೇ ಆಯಿತು. ಆರು ವಾರಕ್ಕೆ ನನ್ನ ಸಕ್ಕರೆ ಮತ್ತೆ ನೋಡಿದರು, ಇಳಿದಿತ್ತು. ಆದರೆ ಮುಂದೆ ಬರಬಹುದು, ತೂಕ ಇಳಿಸಿ, ಪರೀಕ್ಷೆ ತಪ್ಪಿಸಬೇಡಿ ಎಂದರು. ತಪ್ಪಿಸಿಲ್ಲ. ತೂಕ ಇನ್ನೂ ಪೂರ್ತಿ ಇಳಿದಿಲ್ಲ.

ಕೂಸಿಗೆ ಮೂರು ತಿಂಗಳು ತುಂಬಿದ ಮೇಲೆ ಒಂದು ಬೆಳಿಗ್ಗೆ ಅಪ್ಪ, "ಹೊಲಕ್ಕೆ ಹೋಗಿ ಬರನ ಬರ್ರಿ," ಎಂದರು. ಅವ್ವನ ಜೊತೆ ನನ್ನನ್ನೂ ಕೂಸನ್ನೂ ಕರೆದರು. ಅಪ್ಪ ಸುಮ್ಮನೆ ಯಾರನ್ನೂ ಹೊಲಕ್ಕೆ ಕರೆಯುವವರಲ್ಲ. ಕಾರಿನಲ್ಲಿ ಹೋದೆವು. ಶೇಂಗಾ ಕಿತ್ತು ಮುಗಿದು ಹೊಲ ಖಾಲಿ ಇತ್ತು. ಅಪ್ಪ ಬದುವಿನ ಮೇಲೆ ಮುಂದೆ ಮುಂದೆ ನಡೆದು, ಮೂಡಣದ ಮೂಲೆಯಲ್ಲಿ ನಿಂತರು. ಅಲ್ಲಿ ಒಂದು ಚಾಪೆಯಷ್ಟು ಜಾಗ, ಹುಲ್ಲು ಬೆಳೆದದ್ದು. ನೇಗಿಲಾಗಲಿ ಟ್ರ್ಯಾಕ್ಟರಾಗಲಿ ಅಲ್ಲಿಗೆ ಹೋದದ್ದೇ ಇಲ್ಲ. ಬಿತ್ತನೆಯ ಕಾಲದಲ್ಲಿ ಅವ್ವ ಬುತ್ತಿ ತಂದಾಗ ಕೂರುತ್ತಿದ್ದ ಜಾಗ ಅದು. ಅಪ್ಪನೇ ಯಾವಾಗಲೂ ಅಲ್ಲಿ ಗೋಣಿಚೀಲ ಹಾಸಿಕೊಡುತ್ತಿದ್ದರು.

"ಇಲ್ಲೇ," ಎಂದರು ಅಪ್ಪ.

ಅವ್ವ ಅವರ ಮುಖ ನೋಡಿದಳು.

"ನೀನು ಮಂಚದಿಂದ ಏಳೋ ಹಂಗಿರಲಿಲ್ಲ. ನಮ್ಮಣ್ಣನೂ ನಾನೂ ಕೂಸನ್ನ ಇಲ್ಲಿಗೆ ತಂದ್ವಿ. ಆಮೇಲೆ ನೀನು ಕೇಳಲಿಲ್ಲ. ಕೇಳಿದ್ರೆ ಹೇಳನ ಅಂತಿದ್ದೆ. ನಾನಾಗಿ ಹೇಳೋಕೆ ಬಾಯಿ ಬರಲಿಲ್ಲ."

"ನೀವೇ ಹೇಳ್ತೀರಿ ಅಂತ ನಾನು ಕಾಯ್ತಿದ್ದೆ ರೀ," ಎಂದಳು ಅವ್ವ. "ಇಷ್ಟು ವರ್ಷ ನಾನು ಇಲ್ಲೇ ಕೂತು ಉಂಡಿದೀನಿ."

"ಅದಕ್ಕೇ ಇಲ್ಲಿ ಕೂರಿಸ್ತಿದ್ದೆ," ಎಂದರು ಅಪ್ಪ.

ಅವ್ವ ಬಗ್ಗಿ, ಹುಲ್ಲಿನ ನಡುವೆ ಬಿದ್ದಿದ್ದ ಒಂದೆರಡು ಕಲ್ಲು ಎತ್ತಿ ಬದಿಗಿಟ್ಟಳು. ಆಮೇಲೆ ನೆಲದ ಮೇಲೆ ಕೂತು ಸೆರಗು ಹಾಸಿ, "ಕೊಡಿಲ್ಲಿ," ಎಂದು ನನ್ನ ಕೈಯಿಂದ ಮಗಳನ್ನು ತೆಗೆದುಕೊಂಡಳು. ಅಪ್ಪ ಅವಳ ಪಕ್ಕ ಕೂತರು. ಬಿಸಿಲು ಇನ್ನೂ ಏರಿರಲಿಲ್ಲ.  ಕೂಸು ಹಸಿವಿಗೆ ಮುಲುಗಿದಾಗ ನಾನು ಅವರಿಬ್ಬರ ನಡುವೆ ಕೂತು ಹಾಲು ಕೊಟ್ಟೆ.